ಪರಿಹಾರ ಕೊಟ್ಟಾಯ್ತಲ್ಲ, ಮತ್ತೆ ತಪಾಸಣೆ ಯಾಕೆ?

ಪ್ರಶ್ನೆ (ಹೈಸ್ಕೂಲ್ ಮೇಷ್ಟ್ರು, ಸೋಮವಾರಪೇಟೆ): ನಮಸ್ಕಾರ ಡಾಕ್ಟ್ರೇ. ಪೆಸಿಫಿಕ್ ಸಾಗರದ ಮಾರ್ಷಲ್ ದ್ವೀಪಗಳಲ್ಲಿ ಅಮೆರಿಕ ನಡೆಸಿದ ಅಣುಬಾಂಬ್ ಪರೀಕ್ಷೆಗಳ ಬಗ್ಗೆ ಪಾಠ ಮಾಡುತ್ತಿದ್ದೆ. ಅಲ್ಲಿನವರಿಗೆ ಪರಿಹಾರ ಸಿಕ್ಕಿದೆ, ವರ್ಷಾವರ್ಷ ಆರೋಗ್ಯ ತಪಾಸಣೆಯೂ ನಡೆಯುತ್ತಿದೆ ಅಂದೆ. “ದುಡ್ಡು ಕೊಟ್ಟ ಮೇಲೆ ತಪಾಸಣೆ ಯಾಕೆ ಸಾರ್?” ಅಂತ ಒಬ್ಬ ಹುಡುಗಿ ಕೇಳಿದಳು. ಏನು ಹೇಳಲಿ?

ಉತ್ತರ (ಥೈರಾಯ್ಡ್ ವೈದ್ಯೆ, ಮಡಿಕೇರಿ): ಅವಳಿಗೆ ಎರಡು ಇಸವಿ ಹೇಳಿ ಮೇಷ್ಟ್ರೇ, 1954 ಮತ್ತು 1963.

1954ರ ಮಾರ್ಚ್ 1ರಂದು ಅಲ್ಲಿನ ಬಿಕಿನಿ ಎಂಬ ಹವಳದ್ವೀಪದಲ್ಲಿ 15 ಮೆಗಾಟನ್ನಿನ ‘ಬ್ರಾವೋ’ ಬಾಂಬ್ ಸಿಡಿಸಿದರು. ಪುಡಿಯಾದ ಹವಳ ಬೂದಿಯಂತೆ ರೊಂಗೆಲಾಪ್ ದ್ವೀಪದ ಮೇಲೆ ಉದುರಿತು. ಮಕ್ಕಳು ಅದರಲ್ಲೇ ಆಡಿದರು. ಜನರನ್ನು ಅಲ್ಲಿಂದ ಸಾಗಿಸಿದ್ದು ಎರಡು ದಿನ ಕಳೆದ ಮೇಲೆ. ವಾಂತಿ, ಚರ್ಮದ ಸುಟ್ಟಗಾಯ, ಕೂದಲು ಉದುರುವುದು, ಎಲ್ಲ ಆಗಿ ಮೇಲ್ನೋಟಕ್ಕೆ ವಾಸಿಯಾಯಿತು. 1957ರಲ್ಲಿ ‘ಇನ್ನು ಭಯವಿಲ್ಲ’ ಎಂದು ವಾಪಸ್ ಕಳಿಸಿದರು. ಅಲ್ಲಿನ ಮಕ್ಕಳ ಕುತ್ತಿಗೆಯಲ್ಲಿ ಥೈರಾಯ್ಡ್ ಗಂಟು ಕಾಣಿಸತೊಡಗಿದ್ದು 1963ರಲ್ಲಿ. ಬಾಂಬ್ ಸಿಡಿದಾಗ ಒಂದು ವರ್ಷದವನಾಗಿದ್ದ ಹುಡುಗ 1972ರಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡ.

ವಿಕಿರಣವಿರುವ ಅಯೋಡಿನ್ ನೀರು, ಊಟದ ಜೊತೆ ಒಳಗೆ ಹೋಗಿ ಥೈರಾಯ್ಡಿನಲ್ಲಿ ಸೇರಿಕೊಳ್ಳುತ್ತದೆ. ಮಕ್ಕಳ ಗ್ರಂಥಿ ಚಿಕ್ಕದು, ಹಾಗಾಗಿ ಪೆಟ್ಟು ಜಾಸ್ತಿ. ಆ ಅಯೋಡಿನ್ ಎಂಟು ದಿನಕ್ಕೊಮ್ಮೆ ಅರ್ಧವಾಗುತ್ತಾ ಕೆಲವೇ ತಿಂಗಳಲ್ಲಿ ಇಲ್ಲವಾಗುತ್ತದೆ. ಜೀವಕೋಶಕ್ಕೆ ಆದ ಹಾನಿ ಉಳಿಯುತ್ತದೆ. 1955ರಲ್ಲೇ ಲೆಕ್ಕ ಚುಕ್ತಾ ಮಾಡಿದ್ದರೆ ಈ ಮಕ್ಕಳಿಗೆ ಏನು ಸಿಗುತ್ತಿತ್ತು?

ಆದರೆ ಬರೀ ತಪಾಸಣೆ ಸಾಲದು, ಇದನ್ನೂ ಹೇಳಿ. ಹಿರೋಷಿಮಾದಲ್ಲಿ ಅಮೆರಿಕ 1947ರಲ್ಲಿ ಶುರುಮಾಡಿದ ಆಯೋಗ ಬದುಕುಳಿದವರನ್ನು ಪರೀಕ್ಷಿಸುತ್ತಿತ್ತು, ಚಿಕಿತ್ಸೆ ಕೊಡುತ್ತಿರಲಿಲ್ಲ. ಉಚಿತ ತಪಾಸಣೆ, ಚಿಕಿತ್ಸೆ ಬಂದದ್ದು ಜಪಾನಿನ 1957ರ ಕಾನೂನಿನಿಂದ. ‘ನಮ್ಮನ್ನು ಪ್ರಯೋಗಕ್ಕೆ ಬಳಸಿದರು’ ಎಂಬ ನೋವು ರೊಂಗೆಲಾಪಿನವರಿಗೂ ಇದೆ. ರಕ್ತ ತೆಗೆದುಕೊಂಡು ಹೋದವರು ವರದಿಯನ್ನು ಆ ಜನರ ಕೈಗೆ ಕೊಡಬೇಕು, ಅವರ ಭಾಷೆಯಲ್ಲೇ ವಿವರಿಸಬೇಕು. ನನ್ನ ಮಟ್ಟಿಗೆ ಇದರಲ್ಲಿ ರಾಜಿಯೇ ಇಲ್ಲ.

ಪ್ರಶ್ನೆ (ಎಸ್ಟೇಟ್ ರೈಟರ್, ಸಿದ್ದಾಪುರ): ಮೇಡಂ, ಹಣ ಕೊಡುವಾಗ ‘ಮುಂದೆ ಏನೂ ಕೇಳಲ್ಲ’ ಅಂತ ಸಹಿ ಹಾಕಿಸಿಕೊಳ್ಳುತ್ತಾರಲ್ವಾ? ಅಲ್ಲೂ ಹಾಗೇನಾ?

ಉತ್ತರ: ಹೌದು ಅಣ್ಣ, ಹೆಚ್ಚುಕಡಿಮೆ ಹಾಗೇ ಆಯಿತು. ಅಮೆರಿಕ ಮತ್ತು ಮಾರ್ಷಲ್ ದ್ವೀಪಗಳ ನಡುವೆ 1986ರಲ್ಲಿ ಜಾರಿಗೆ ಬಂದ ಒಪ್ಪಂದದಲ್ಲಿ 15 ಕೋಟಿ ಡಾಲರಿನ ನಿಧಿ ಇಟ್ಟು, ಹಿಂದಿನ, ಈಗಿನ, ಮುಂದಿನ ಎಲ್ಲ ದಾವೆಗಳೂ ಇತ್ಯರ್ಥ ಅಂದರು. ಹೊಸ ಹಾನಿ ಗೊತ್ತಾದರೆ ಮತ್ತೆ ಕೇಳಬಹುದು ಎಂಬ ಒಂದು ಕಿಂಡಿ ಮಾತ್ರ ಇತ್ತು. 2000ದಲ್ಲಿ ದ್ವೀಪದವರು ಕೇಳಿದರು. ಅದಕ್ಕೆ ಕಾನೂನಿನ ಆಧಾರವಿಲ್ಲ ಎಂದು 2005ರಲ್ಲಿ ಅಮೆರಿಕ ಸರ್ಕಾರ ಹೇಳಿತು. ಆ ಒಪ್ಪಂದದಂತೆ ರಚನೆಯಾದ ಪರಿಹಾರದ ನ್ಯಾಯಮಂಡಳಿ ಒಟ್ಟು 200 ಕೋಟಿ ಡಾಲರಿಗೂ ಮೀರಿ ಕೊಡಬೇಕು ಅಂದಿತ್ತು. ನಿಧಿಯೇ ಖಾಲಿ. ಪೂರ್ತಿ ಹಣ ಕೈಗೆ ಬರುವ ಮೊದಲೇ ಎಷ್ಟೋ ಜನ ತೀರಿಹೋದರು.

ಆ ಮಂಡಳಿ ಮಾಡಿದ ಒಂದು ಕೆಲಸ ನನಗೆ ತುಂಬಾ ಸರಿ ಅನ್ನಿಸುತ್ತದೆ. ರೋಗಗಳ ಪಟ್ಟಿ ಮಾಡಿತು. ಬಾಂಬ್ ಪರೀಕ್ಷೆ ನಡೆದ ವರ್ಷಗಳಲ್ಲಿ ಅಲ್ಲಿದ್ದು, ಪಟ್ಟಿಯ ರೋಗ ಬಂದಿದ್ದರೆ ಸಾಕು. ಬಾಂಬಿನಿಂದಲೇ ಬಂತು ಎಂದು ರೋಗಿ ಸಾಬೀತು ಮಾಡಬೇಕಿರಲಿಲ್ಲ. ಒಂದು ಗಂಟನ್ನು ನೋಡಿ ಅದು ಯಾವುದರಿಂದ ಬಂತೆಂದು ನಾವು ವೈದ್ಯರೂ ಖಚಿತವಾಗಿ ಹೇಳಲಾಗುವುದಿಲ್ಲ.

ಪ್ರಶ್ನೆ (ವಿರಾಜಪೇಟೆ): ಅಮ್ಮನಿಗೆ ಎರಡು ಸಲ ಸಿಟಿ ಸ್ಕ್ಯಾನ್ ಆಗಿದೆ. ಅವರಿಗೂ ವರ್ಷಾವರ್ಷ ತಪಾಸಣೆ ಬೇಕಾ ಡಾಕ್ಟ್ರೇ?

ಉತ್ತರ: ಅಷ್ಟಕ್ಕೇ ಬೇಡಮ್ಮ, ಸುಮ್ನೆ ಹೆದರಬೇಡಿ. ಕುತ್ತಿಗೆಯಲ್ಲಿ ಗಂಟು ಕೈಗೆ ಸಿಕ್ಕರೆ, ದನಿ ಒಡೆದು ವಾರಗಟ್ಟಲೆ ಸರಿಹೋಗದಿದ್ದರೆ ಡಾಕ್ಟರಿಗೆ ತೋರಿಸಿ. ಹಳೆಯ ಸ್ಕ್ಯಾನ್ ವರದಿಗಳನ್ನು ಎಸೆಯದೆ ಜೊತೆಗೆ ತನ್ನಿ, ಅದೇ ಸ್ಕ್ಯಾನ್ ಮತ್ತೆ ಮಾಡಿಸುವುದು ತಪ್ಪಬಹುದು.