ಸಹಾಯ ಬೇಕು: ಲಕ್ಕಿ ಡ್ರಾ ಇಡಬಹುದಾ?

ನಮಸ್ಕಾರ. ಪುಣೆಯ ಕೆಲವು ಕನ್ನಡ ಮನೆಯವರು ಸೇರಿ ಒಂದು ಶನಿವಾರ-ಭಾನುವಾರ ಕಿತ್ತೂರಿನ ಕದನ ಆಡಿ ತೋರಿಸಬೇಕೆಂದಿದ್ದೇವೆ. 1824ರ ಅಕ್ಟೋಬರ್ 23, ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ ದಿನ. ಚೆನ್ನಮ್ಮ, ಅಮಟೂರು ಬಾಳಪ್ಪ ಆಗಲು ಜನ ಸಿಕ್ಕಿದ್ದಾರೆ. ಥ್ಯಾಕರೆ ಆಗಲು ಯಾರೂ ಒಪ್ಪುತ್ತಿಲ್ಲ, ಅದು ಬೇರೆ ಮಾತು!

ವೇಷ, ಕತ್ತಿ, ಕುದುರೆ ಬಾಡಿಗೆಗೆ ದುಡ್ಡು ಸಾಲದು. 50 ರೂಪಾಯಿ ಕೂಪನ್ ಮಾರಿ ಲಕ್ಕಿ ಡ್ರಾ ಇಡೋಣ, ಬಹುಮಾನಕ್ಕೆ ಇಳಕಲ್ ಸೀರೆ, ಬೆಳಗಾವಿ ಕುಂದಾ ಅಂದುಕೊಂಡೆವು. ಅಷ್ಟರಲ್ಲಿ ಒಬ್ಬರು ಹೆದರಿಸಿದರು. ಓದಿ ನೋಡಿದೆ. ಸರ್ಕಾರದ್ದಲ್ಲದ, ಸರ್ಕಾರ ಒಪ್ಪದ ಲಾಟರಿಗೆ ಜಾಗ ಇಟ್ಟರೆ ಭಾರತೀಯ ನ್ಯಾಯ ಸಂಹಿತೆಯ 297ನೇ ಸೆಕ್ಷನ್‌ನಲ್ಲಿ 6 ತಿಂಗಳವರೆಗೆ ಜೈಲು ಅಥವಾ ದಂಡ ಇದೆ.

ಅನುಮತಿ ಯಾರ ಹತ್ತಿರ ಕೇಳಬೇಕು? ಇಲ್ಲ, ಸುಮ್ನೆ ದೇಣಿಗೆ ಡಬ್ಬಿ ಇಟ್ಟು ಸೀರೆ ಹರಾಜು ಹಾಕೋದೇ ವಾಸಿನಾ? ವಕೀಲರು, ಇಂಥದ್ದು ನಡೆಸಿದವರು ಇದ್ದರೆ ದಯವಿಟ್ಟು ತಿಳಿಸಿ. ಕೂಪನ್ ಇನ್ನೂ ಪ್ರಿಂಟಿಗೆ ಕೊಟ್ಟಿಲ್ಲ.