ಔಟ್‌ಬೋರ್ಡ್ ಮೋಟಾರು ‘ಎಳೀತಿಲ್ಲ’ ಅಂದರೆ ಯಾವ ‘ಎಳೀತಿಲ್ಲ’?

ಪ್ರಶ್ನೆ: ದೋಣಿಯ ಔಟ್‌ಬೋರ್ಡ್ ಮೋಟಾರಿನ (ಹಿಂಬದಿಗೆ ಹೊರಗಿನಿಂದ ತೂಗುಹಾಕುವ ಎಂಜಿನ್) ಕೈಪಿಡಿಗಳಲ್ಲಿ ‘ಬಾಗ್ ಡೌನ್’, ‘ಲಗ್ಗಿಂಗ್’, ‘ವೆಂಟಿಲೇಶನ್’, ‘ಕ್ಯಾವಿಟೇಶನ್’ ಬೇರೆ ಬೇರೆ. ಕನ್ನಡಕ್ಕೆ ತಂದರೆ ಎಲ್ಲವೂ ‘ಪಿಕಪ್ ಇಲ್ಲ’, ‘ಎಳೀತಿಲ್ಲ’ ಆಗಿಬಿಡುತ್ತವೆ. ಬಿಡಿಸಿ ಹೇಳುವುದು ಹೇಗೆ? ‘ಫುಲ್ ಥ್ರಾಟಲ್’ಗೆ ‘ಪೂರ್ಣ ವೇಗ’ ಸರಿಯೇ?

ಉತ್ತರ: ‘ಪೂರ್ಣ ವೇಗ’ ಖಂಡಿತ ಬೇಡ. ‘ಪೂರ್ಣ ವೇಗದಲ್ಲಿ ವೇಗ ಬರುತ್ತಿಲ್ಲ’ ಎಂಬ ವಾಕ್ಯ ಬರೆಯಬೇಕಾದೀತು! ಥ್ರಾಟಲ್ ಎಂದರೆ ಎಂಜಿನ್ನಿಗೆ ಗಾಳಿ ಹೋಗುವ ದಾರಿಯ ತಟ್ಟೆ. ‘ಥ್ರಾಟಲ್ ಪೂರ್ತಿ ತೆರೆದಾಗ’ ಎನ್ನಿ. ‘ಹಿಡಿ ಪೂರ್ತಿ ತಳ್ಳಿದಾಗ’ ಎಂಬುದೂ ಅದೇ ಅಲ್ಲ: ಕೇಬಲ್ ಹಿಗ್ಗಿದ್ದರೆ ಹಿಡಿ ಕೊನೆ ಮುಟ್ಟಿದರೂ ತಟ್ಟೆ ಮುಕ್ಕಾಲಷ್ಟೇ ತೆರೆದಿರುತ್ತದೆ. ಎಂಜಿನ್ ಆಫ್ ಮಾಡಿ, ಮುಚ್ಚಳ ತೆಗೆದು, ಒಬ್ಬರು ಹಿಡಿ ತಳ್ಳುವಾಗ ಥ್ರಾಟಲ್ ತೋಳು ತನ್ನ ಕೊನೆಯ ತಡೆಗೆ ತಾಗುತ್ತದೆಯೇ ಎಂದು ಇನ್ನೊಬ್ಬರು ನೋಡಬೇಕು.

ಬಾಗ್ ಡೌನ್‌ಗೆ ‘ಉಸಿರು ಕಟ್ಟುವುದು’ ಹೊಂದುತ್ತದೆ. ಥ್ರಾಟಲ್ ಕೊಟ್ಟೊಡನೆ ಏರುವ ಬದಲು ಸದ್ದು ಕುಸಿಯುತ್ತದೆ. ಹೆಚ್ಚಾಗಿ ಪೆಟ್ರೋಲ್ ಸಾಲದೆ ಹೀಗಾಗುತ್ತದೆ. ಪರೀಕ್ಷೆ ಸುಲಭ: ಉಸಿರು ಕಟ್ಟಿದ ಹೊತ್ತಿಗೆ ಪೆಟ್ರೋಲ್ ಪೈಪಿನ ನಡುವಿನ ರಬ್ಬರ್ ಬಲ್ಬನ್ನು ಜೊತೆಯವರು ಒತ್ತುತ್ತಿರಲಿ. (ಬರೀ ‘ಬಲ್ಬು’ ಎಂದರೆ ಓದುವವರು ದೀಪ ಹುಡುಕುತ್ತಾರೆ.) ಎಂಜಿನ್ ಚೇತರಿಸಿಕೊಂಡರೆ ದೋಷ ಪೂರೈಕೆಯಲ್ಲಿದೆ. ಬಲ್ಬು ಚಪ್ಪಟೆಯಾಗಿ ಹಾಗೇ ಉಳಿದರೆ ಅಡ್ಡಿ ಟ್ಯಾಂಕಿನ ಕಡೆ. ಮೊದಲು ಟ್ಯಾಂಕಿನ ಮುಚ್ಚಳದ ಗಾಳಿ ತಿರುಪು ತೆರೆದಿದೆಯೇ ನೋಡಿ. ಬಲ್ಬು ಗಟ್ಟಿಯಾಗಿದ್ದೂ ಎಂಜಿನ್ ಕುಸಿದರೆ ಮುಂದಿನದನ್ನು ಹುಡುಕಿ: ಫಿಲ್ಟರ್, ಕಾರ್ಬ್ಯುರೇಟರಿನ ಮೇನ್ ಜೆಟ್ (ಪೆಟ್ರೋಲ್ ಹಾಯುವ ಸಣ್ಣ ತೂತು).

ಲಗ್ಗಿಂಗ್ ‘ಭಾರಕ್ಕೆ ಬಗ್ಗುವುದು’. ಸದ್ದು ಸ್ವಚ್ಛ, ಕೆಮ್ಮಿಲ್ಲ, ಆದರೆ ಸುತ್ತು ಏರುವುದಿಲ್ಲ. ತಯಾರಕರು 5000ರಿಂದ 6000 ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಎಂದಿದ್ದು ಇದು 4900ಕ್ಕೇ ನಿಂತರೆ ಪ್ರೊಪೆಲ್ಲರಿನ ಪಿಚ್ ಹೆಚ್ಚಾಗಿರಬಹುದು. ಪಿಚ್ ಒಂದು ಇಂಚು ಇಳಿಸಿದರೆ ಸುಮಾರು 150ರಿಂದ 200 ಸುತ್ತು ಏರುತ್ತದೆ. 15ರ ಬದಲು 13 ಹಾಕಿದರೆ 5200–5300 ಸಿಕ್ಕೀತು. ಅಷ್ಟಕ್ಕೂ ಮುನ್ನ ದೋಣಿಯ ತಳಕ್ಕೆ ಪಾಚಿ, ಚಿಪ್ಪು ಹತ್ತಿದೆಯೇ, ಒಳಗೆ ನೀರು ನಿಂತಿದೆಯೇ ನೋಡಿ. ‘ಪಿಚ್’ ಹಾಗೇ ಇರಲಿ: ಜಾರದೆ ಒಂದು ಸುತ್ತು ತಿರುಗಿದರೆ ಮುನ್ನುಗ್ಗುವ ದೂರ ಎಂದು ಒಮ್ಮೆ ವಿವರಿಸಿದರೆ ಸಾಕು.

ಸುತ್ತು ಏರುತ್ತದೆ, ದೋಣಿ ಮಾತ್ರ ಓಡುವುದಿಲ್ಲ ಎಂದರೆ ಅದನ್ನು ‘ಎಳೀತಿಲ್ಲ’ ಎನ್ನುವುದೇ ತಪ್ಪು. ‘ರೇಸ್ ಆಗುತ್ತಿದೆ’ ಎನ್ನಿ. ಪ್ರೊಪೆಲ್ಲರಿನ ಒಳಗಿನ ರಬ್ಬರ್ ಹಬ್ (ಒಳ ಬುಷ್‌ಗೂ ರೆಕ್ಕೆಗಳಿರುವ ಹೊರ ಭಾಗಕ್ಕೂ ನಡುವಿನ ರಬ್ಬರು) ಜಾರುತ್ತಿರಬಹುದು. ದಂಡದ ಮೇಲೆ ಕೂರುವ ಒಳ ಬುಷ್‌ನಿಂದ ಹೊರ ಭಾಗಕ್ಕೆ ಒಂದೇ ನೇರಕ್ಕೆ ಬಣ್ಣದ ಗೆರೆ ಎಳೆದು ಓಡಿಸಿ. ಮರಳಿದಾಗ ಗೆರೆ ಎರಡಾಗಿ ಸರಿದಿದ್ದರೆ ಹಬ್ ಹೋಗಿದೆ.

ಇನ್ನೊಬ್ಬರು: ‘ಮಿಸ್ಸಿಂಗ್’ ಬಿಟ್ಟುಹೋಯಿತು. ಒಂದು ಸಿಲಿಂಡರು ಉರಿಯದಿದ್ದರೆ ಬರುವ ಮಿಡುಕು ಅದು, ಉಸಿರು ಕಟ್ಟುವುದಲ್ಲ. ಪ್ಲಗ್ ಬಿಚ್ಚಿದರೆ ಒಂದು ಒದ್ದೆಯಾಗಿ ಕಪ್ಪಾಗಿರುತ್ತದೆ, ಉಳಿದವು ಒಣಗಿ ಕಂದಾಗಿರುತ್ತವೆ. ಪದ ಬಳಕೆಯಲ್ಲಿದೆ, ಹೊಸದು ಬೇಡ.

ಉತ್ತರ (ಮುಂದುವರಿದು): ವೆಂಟಿಲೇಶನ್ ಎಂದರೆ ಮೇಲ್ಮೈಯ ಗಾಳಿಯನ್ನೋ ಎಂಜಿನ್ ಹೊಗೆಯನ್ನೋ ಪ್ರೊಪೆಲ್ಲರ್ ಎಳೆದುಕೊಳ್ಳುವುದು. ‘ಗಾಳಿ ಕುಡಿಯುವುದು’ ಎನ್ನೋಣ. ಮೋಟಾರು ತೀರಾ ಮೇಲೆ ಕೂತಿದ್ದರೆ, ತಿರುವು ಬಿಗಿಯಾದರೆ ಹೀಗಾಗುತ್ತದೆ. ಕ್ಯಾವಿಟೇಶನ್‌ನಲ್ಲಿ ಗಾಳಿಯೇ ಇಲ್ಲ: ರೆಕ್ಕೆಯ ಮೇಲೆ ಒತ್ತಡ ಕುಸಿದು ನೀರೇ ಆವಿಯಾಗುತ್ತದೆ. ಆ ಗುಳ್ಳೆಗಳು ಒಡೆದಲ್ಲಿ ಲೋಹಕ್ಕೆ ಸಣ್ಣ ಗುಳಿ ಬೀಳುತ್ತವೆ. ‘ಆವಿಗುಳ್ಳೆ’ ಸರಿಹೋದೀತು. ಪ್ರೊಪೆಲ್ಲರಿನ ಮೇಲಿನ ಅಡ್ಡ ಹಲಗೆಯನ್ನು ಇಂಗ್ಲಿಷಿನಲ್ಲೇ ಬಹಳ ಮಂದಿ ‘ಆಂಟಿ ಕ್ಯಾವಿಟೇಶನ್ ಪ್ಲೇಟ್’ ಎನ್ನುತ್ತಾರೆ. ಅದು ತಡೆಯುವುದು ಗಾಳಿಯನ್ನು. ನಾವು ‘ಗಾಳಿತಡೆ ಹಲಗೆ’ ಎಂದರೆ ಆ ತಪ್ಪು ಕನ್ನಡಕ್ಕೆ ಬರುವುದಿಲ್ಲ.