ಅಪ್‌ಡೇಟ್: ಬಿ.ಎ. ಮುಗಿಸಿ ಎಂಬಿಎ ಸೀಟು ಸಿಕ್ಕಿತು

ಎರಡು ವಾರದ ಹಿಂದೆ ಇಲ್ಲಿ ಕೇಳಿದ್ದೆ: ನನ್ನದು ಬಿ.ಎ., ಐಚ್ಛಿಕ ವಿಷಯಗಳಲ್ಲಿ ಶೇ. 48 ಮಾತ್ರ, ಎಂಬಿಎಗೆ ಅರ್ಹತೆ ಇದೆಯಾ ಅಂತ. ಉಡುಪಿಯ ಒಂದು ಕಾಲೇಜಿನ ಆಫೀಸಿನಲ್ಲಿ ಆಗುವುದಿಲ್ಲ ಅಂದಿದ್ದರು.

ಆಗುತ್ತದೆ ಮಾರಾಯ್ರೆ! "ಭಾಷೆಗಳನ್ನೂ ಸೇರಿಸಿ ಲೆಕ್ಕ ಹಾಕಿ" ಅಂತ ಬರೆದಿದ್ದ ಅಕ್ಕನಿಗೆ ದೊಡ್ಡ ಥ್ಯಾಂಕ್ಸ್. ಪಿಜಿಸಿಇಟಿ (ಎಂಬಿಎಯಂಥ ಕೋರ್ಸುಗಳಿಗೆ ಕರ್ನಾಟಕದ ಪ್ರವೇಶ ಪರೀಕ್ಷೆ) ನಿಯಮದಲ್ಲಿ ಎಲ್ಲಾ ವರ್ಷದ ಎಲ್ಲಾ ವಿಷಯ, ಭಾಷೆಗಳೂ ಸೇರಿ ಶೇ. 50 ಬೇಕು. ಪರಿಶಿಷ್ಟ ಜಾತಿ, ಪಂಗಡ, ಪ್ರವರ್ಗ 1ಕ್ಕೆ 45. ಆ ರಾತ್ರಿ ಆರೂ ಸೆಮಿಸ್ಟರ್‌ನ ಮಾರ್ಕ್ಸ್ ಕಾರ್ಡ್ ಚಾವಡಿಯಲ್ಲಿ ಹರಡಿ ಅಪ್ಪ ಓದುತ್ತಾ ಹೋದರು, ನಾನು ಕೂಡಿಸಿದೆ. ಕನ್ನಡದ ಅಂಕ ಸೇರಿದ್ದೇ ಶೇ. 52 ದಾಟಿತು. ಅಮ್ಮ ಇನ್ನೊಮ್ಮೆ ಕೂಡಿಸಿ ನೋಡು ಅಂದರು, ಮತ್ತೆ ಅಷ್ಟೇ ಬಂತು. ಪ್ರವೇಶ ಪರೀಕ್ಷೆ ಮೊದಲೇ ಬರೆದಿದ್ದೆ, ಹಾಗಾಗಿ ದಾಖಲೆ ಪರಿಶೀಲನೆಗೆ ಸಮಯಕ್ಕೆ ಸರಿಯಾಗಿ ಹೋದೆ. ಯಾರೂ ತಕರಾರು ಮಾಡಲಿಲ್ಲ.

ಮೊದಲು ಡಿಪ್ಲೊಮಾ ಮಾಡು, ಇಲ್ಲವೇ ಎಂ.ಕಾಂ. ಮಾಡು ಅಂತ ಕೆಲವರು ಕೊಟ್ಟಿದ್ದ ಸಲಹೆ ಬೇಕಾಗಲಿಲ್ಲ. ಎಂ.ಕಾಂ. ನನಗೆ ಆಗುವಂಥದ್ದಲ್ಲ, ಅದಕ್ಕೆ ಹೆಚ್ಚಿನ ಕಡೆ ಕಾಮರ್ಸ್ ಓದಿರಬೇಕು.

ಗೊತ್ತಿಲ್ಲದಿದ್ದ ಸಂಗತಿ ಒಂದಿದೆ. ಎರಡು ವರ್ಷ, ನಾಲ್ಕು ಸೆಮಿಸ್ಟರ್‌ನ ಕೋರ್ಸಿನಲ್ಲಿ ಮೊದಲ ವರ್ಷ ಅಕೌಂಟಿಂಗ್, ಸ್ಟಾಟಿಸ್ಟಿಕ್ಸ್ ಎಲ್ಲರಿಗೂ ಇರುತ್ತದೆ. ಎಚ್‌ಆರ್ (ಸಿಬ್ಬಂದಿ ನಿರ್ವಹಣೆ), ಫೈನಾನ್ಸ್ ಅಂತ ಆರಿಸಿಕೊಳ್ಳುವುದು ಆಮೇಲೆ. ನಾನು ಎಚ್‌ಆರ್‌ಗೆ ಅಂತ ಹೊರಟವಳು, ಈಗ ಡೆಬಿಟ್, ಕ್ರೆಡಿಟ್‌ನಿಂದ ಶುರು ಮಾಡಿದ್ದೇನೆ. ಪಕ್ಕದ ಮನೆಯ ಬಿ.ಕಾಂ. ಹುಡುಗಿ ದಿನಾ ಸಂಜೆ ಹೇಳಿಕೊಡುತ್ತಿದ್ದಾಳೆ.